ಜನವರಿ ಒಂಬತ್ತರ ಜ್ವರ

ನಕ್ಷೆ ಕೋಣೆ,
ಏಪ್ರಿಲ್ ೧೨, ಶನಿವಾರ

ಗುಡ್ಡದ ಜಿಲ್ಲೆಯ ಆರೋಗ್ಯ ನಿರೀಕ್ಷಕರೂ, ಕಾಗದಪತ್ರಗಳ ಪ್ರಕಾರ ಇನ್ನೂ ನನ್ನ ಯಜಮಾನರೂ ಆದವರಿಗೆ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ನೀವು ಹೇಗಿದ್ದೀರಿ ಎಂದು ಕೇಳುತ್ತಿಲ್ಲ. ಇದು ಕಚೇರಿ ಕೆಲಸದ ಕಾಗದ. ಎರಡು ವರ್ಷದಿಂದ ಮಾತು ಬಿಟ್ಟವಳು ಕೊನೆಗೂ ಸೋತು ಬರೆದಳು ಎಂದು ಮೀಸೆಯಡಿ ನಗಬೇಡಿ.

ನನ್ನ ಕೆಲಸ ನಿಮಗೆ ಗೊತ್ತೇ ಇದೆ. ಗೋಡೆಯ ತುಂಬ ದೇಶದ ನಕ್ಷೆ. ಎಲ್ಲೆಲ್ಲಿ ಟೈಫಾಯಿಡ್ ಬಂತೋ ಅಲ್ಲೆಲ್ಲ ಕೆಂಪು ತಲೆಯ ಗುಂಡುಸೂಜಿ ಚುಚ್ಚುತ್ತೇನೆ. ತಿಂಗಳು ಮುಗಿದರೆ ಎಲ್ಲ ಕಿತ್ತು ಹೊಸದಾಗಿ ಶುರು. ಇಷ್ಟು ವರ್ಷ ಚುಚ್ಚಿ ಚುಚ್ಚಿ ಈ ಜ್ವರದ ನಡೆ ನನಗೆ ಬಾಯಿಪಾಠ. ಬೇಸಿಗೆಯ ಕೊನೆಗೆ ಬಾವಿಗಳು ತಳ ಕಂಡಾಗ ಬಯಲಿನ ಪಟ್ಟಣಗಳಲ್ಲಿ ಅಲ್ಲೊಂದು ಇಲ್ಲೊಂದು ಸೂಜಿ. ಮಳೆ ಹಿಡಿದು ಚರಂಡಿ ನೀರು ಕುಡಿಯುವ ನೀರಿಗೆ ಸೇರಿತೋ, ಕರಾವಳಿಯಿಂದ ಒಳನಾಡಿನವರೆಗೆ ಮಳೆಯ ಬೆನ್ನಿಗೇ ಸೂಜಿಗಳ ಮೆರವಣಿಗೆ. ಚಳಿಗಾಲಕ್ಕೆ ನಕ್ಷೆ ಬೋಳು. ನಿಮ್ಮ ಗುಡ್ಡದ ಜಿಲ್ಲೆ ಮಾತ್ರ ತದ್ವಿರುದ್ಧ. ಮಳೆಗಾಲವಿಡೀ ಒಂದು ಸೂಜಿಯಿಲ್ಲ, ಜನವರಿ ಬಂತೆಂದರೆ ಮುಳ್ಳುಹಂದಿ! ಹೋದ ವರ್ಷವೂ ಹೀಗೇ, ಈ ವರ್ಷವೂ ಹೀಗೇ.

ನಮ್ಮ ನಿರ್ದೇಶಕರಿಗಂತೂ ಖುಷಿಯೋ ಖುಷಿ. ‘ಚಳಿಗಾಲದ ಗುಡ್ಡಗಾಡು ಟೈಫಾಯಿಡ್’ ಎಂದು ಹದಿನಾಲ್ಕು ಪುಟದ ಪ್ರಬಂಧ ಬರೆದಿದ್ದಾರೆ. ಗುಡ್ಡದ ಜನ ತಣ್ಣೀರಿಗೆ ಹೆದರಿ ಕೈ ತೊಳೆಯುವುದಿಲ್ಲವಂತೆ. “ಇಷ್ಟು ವರ್ಷ ಯಾರ ಕಣ್ಣಿಗೂ ಬಿದ್ದಿರ್ಲಿಲ್ಲಮ್ಮ ಇದು!” ಎಂದು ಕನ್ನಡಕ ಒರೆಸಿಕೊಂಡರು. ಅಷ್ಟಕ್ಕೇ ನಿಂತಿದ್ದರೆ ನಗಬಹುದಿತ್ತು. ಆದರೆ ಮಳೆಗೆ ಮೊದಲು ನಿಮ್ಮ ಜಿಲ್ಲೆಗೆ ಬರಬೇಕಾದ ಬ್ಲೀಚಿಂಗ್ ಪೌಡರ್ ಲಾರಿಯನ್ನು ಡಿಸೆಂಬರಿಗೆ ತಳ್ಳುತ್ತಿದ್ದಾರೆ. ಇಪ್ಪತ್ತೊಂದಕ್ಕೆ ಆದೇಶಕ್ಕೆ ಸಹಿ ಬೀಳುತ್ತದೆ. ಬಿದ್ದರೆ, ಈ ಮಳೆಗಾಲದಲ್ಲಿ ನಿಮ್ಮ ಗುಡ್ಡದ ಮಕ್ಕಳು ಮರಿಗಳೆಲ್ಲ ಕೊಳಕು ನೀರು ಕುಡಿದು ಮಲಗಬೇಕು.

ಪ್ರಬಂಧಕ್ಕೆ ಲಗತ್ತಿಸಬೇಕೆಂದು ಅವರು ಕೇಳಿದಾಗ, ಈ ಜನವರಿಯಲ್ಲಿ ನೀವು ಕಳಿಸಿದ, ರೋಗಿಗೊಂದರಂತೆ ಬರೆದ ಚೀಟಿಗಳ ಕಟ್ಟನ್ನು ನಿನ್ನೆ ಬಿಚ್ಚಿದೆ. ಅರವತ್ತಮೂರು ಚೀಟಿಯಲ್ಲೂ ‘ಜ್ವರ ಬಂದ ದಿನ’ ಎಂಬಲ್ಲಿ ಜನವರಿ ಒಂಬತ್ತು! ಅಲ್ಲಾ ರೀ, ಅರವತ್ತಮೂರು ಜನ ಮಾತಾಡಿಕೊಂಡು ಒಂದೇ ದಿನ ಹಾಸಿಗೆ ಹಿಡಿದರೇ?

ನನಗೆ ತಕ್ಷಣ ನಮ್ಮ ಅಡುಗೆಮನೆ ನೆನಪಾಯಿತು. ನಾನು ತವರಿಗೆ ಹೋದಾಗಲೆಲ್ಲ ತಟ್ಟೆ ಲೋಟಗಳನ್ನು ಪೇರಿಸಿಟ್ಟು, ಬರುವ ಹಿಂದಿನ ದಿನ ಒಟ್ಟಿಗೆ ಉಜ್ಜಿ, “ದಿನಾ ತೊಳೀತಿದ್ದೆ ಕಣೇ” ಎನ್ನುತ್ತಿದ್ದವರು ನೀವು. ಜ್ವರದ ವರದಿಯನ್ನೂ ಹಾಗೇ ವರ್ಷವಿಡೀ ಪೇರಿಸಿ, ಬರೆಯಲು ಕೂತ ದಿನವನ್ನೇ ಜ್ವರ ಬಂದ ದಿನ ಮಾಡಿಬಿಟ್ಟಿರಿ. ಆ ತಟ್ಟೆಗಳ ಜಗಳದಲ್ಲೇ ಅಲ್ಲವೇ, ವರ್ಗವಾದಾಗ ನೀವೊಬ್ಬರೇ ಗಂಟುಮೂಟೆ ಕಟ್ಟಿ ಹೊರಟಿದ್ದು? ಬೇಡ ಎಂದು ನಾನೂ ಹೇಳಲಿಲ್ಲ.

ನನ್ನದೂ ತಪ್ಪಿದೆ, ಒಪ್ಪಿಕೊಳ್ಳುತ್ತೇನೆ. ಎರಡು ವರ್ಷವೂ ಕಟ್ಟು ಬಿಚ್ಚದೆ, ಮೇಲಿನ ಹಾಳೆಯ ತಾರೀಖು, ಸಂಖ್ಯೆ ಇಷ್ಟೇ ನೋಡಿ ಸೂಜಿ ಚುಚ್ಚಿದವಳು ನಾನು. ನಿಮ್ಮ ಕೈಬರಹ ನೋಡುವ ಧೈರ್ಯ ಇರಲಿಲ್ಲ.

ನಿಮ್ಮ ಜೇಬಿನ ನೋಟ್‌ಬುಕ್ಕಿನಲ್ಲಿ ಯಾರ ಮನೆಗೆ ಯಾವತ್ತು ಹೋದಿರಿ ಎಂಬುದೆಲ್ಲ ಇರುತ್ತದೆ. ಸುತ್ತುವುದಕ್ಕೆ ನಿಮಗೆ ಎಂದೂ ಸೋಮಾರಿತನವಿಲ್ಲ, ಇರುವುದೆಲ್ಲ ಕೂತು ಬರೆಯುವುದಕ್ಕೆ. ಇಪ್ಪತ್ತೊಂದರೊಳಗೆ ಆ ನೋಟ್‌ಬುಕ್ಕನ್ನು ಅಂಚೆಯಲ್ಲಿ ಕಳಿಸಿ. ನಾನು ಅಲ್ಲಿಗೆ ಬರುವ ಮಾತೇ ಇಲ್ಲ.

ಇಂತಿ,
ಸೂಜಿ ಚುಚ್ಚುವವಳು

ತಾ.ಕ.: ಕಟ್ಟಿನ ತಳದಲ್ಲಿ ಅರವತ್ತನಾಲ್ಕನೇ ಚೀಟಿ ಇತ್ತು. ಚೀಟಿಯಲ್ಲಿ ಹೆಸರಿಗೆ ಜಾಗವಿಲ್ಲ. ವಯಸ್ಸು ನಲವತ್ತಾರು, ಉದ್ಯೋಗ ಆರೋಗ್ಯ ನಿರೀಕ್ಷಕ. ಅದೊಂದರಲ್ಲಿ ಮಾತ್ರ ತಾರೀಖು ಸರಿಯಾಗಿದೆ: ಆಗಸ್ಟ್ ಹದಿನಾಲ್ಕು. ಮಲಗಿದ್ದು ಇಪ್ಪತ್ತೆರಡು ದಿನ. ‘ಆರೈಕೆ ಮಾಡಿದವರು’ ಎಂಬಲ್ಲಿ ಒಂದು ಗೆರೆ ಎಳೆದಿದ್ದೀರಿ. ಆ ಗೆರೆ ನೋಡಿ ನಕ್ಷೆಯ ಮುಂದೆ ಕೂತು ಅತ್ತುಬಿಟ್ಟೆ. ನೋಟ್‌ಬುಕ್ ಅಂಚೆಗೆ ಹಾಕಬೇಡಿ. ಬರುವ ಮಾತೇ ಇಲ್ಲ ಎಂದು ಮೇಲೆ ಬರೆದದ್ದು ಬರೀ ಬಿಂಕ. ಇವತ್ತು ಬೆಳಿಗ್ಗೆಯೇ ನಿರ್ದೇಶಕರಿಗೆ ಎಲ್ಲ ಹೇಳಿದೆ. “ಅಷ್ಟು ಖಾತ್ರಿಯಾಗಿ ಹೆಂಗಮ್ಮ ಹೇಳ್ತೀರಿ?” ಎಂದರು. “ಹನ್ನೊಂದು ವರ್ಷ ಅವರ ಜೊತೆ ಸಂಸಾರ ಮಾಡಿದೀನಿ ಸಾರ್” ಎಂದೆ. ಪರಿಶೀಲನೆಗೆ ನನ್ನನ್ನೇ ಕಳಿಸುತ್ತಿದ್ದಾರೆ. ಗುರುವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ನೀರು ಕುದಿಸಿಡಿ. ತಟ್ಟೆಗಳನ್ನು ಮಾತ್ರ ಮುಟ್ಟಬೇಡಿ. ಯಾವುದು ಯಾವ ದಿನದ್ದೆಂದು ನಾನೇ ನೋಡಿ ಹೇಳುತ್ತೇನೆ.