ಹತ್ತು ಪರ್ಸೆಂಟ್ ಮಳೆ

ಜೂನ್ ೧೨, ಗುರುವಾರ. ಅಕ್ಷರ ಸೊಟ್ಟ, ತಪ್ಪುಗಳೂ ಇರಬಹುದು, ಕ್ಷಮೆ ಇರಲಿ; ನಾಲ್ಕನೇ ಕ್ಲಾಸಿಗೆ ನಿಂತ ಕೈ ಇದು.

ಲಾಂಡ್ರಿಯ ಮಹಡಿ ಮೇಲೆ ಬಟ್ಟೆ ಹರವುವ ಮುಂಚೆ ಯಜಮಾನರು ಮೊದಲೆಲ್ಲ ನನ್ನನ್ನು ಕೇಳುತ್ತಿದ್ದರು. ಈಗ ಇಸ್ತ್ರಿ ಮಾಡುವವಳನ್ನು ಕೇಳುತ್ತಾರೆ, ಅವಳ ಫೋನಿನಲ್ಲಿ ಹವಾಮಾನ ಬರುತ್ತದಲ್ಲ. ಇವತ್ತು "ಹತ್ತೇ ಪರ್ಸೆಂಟ್ ಮಳೆ, ಹರವಿ" ಅಂದಳು. ಮಧ್ಯಾಹ್ನ ಸುರಿಯಿತು. ಇನ್ನೂರು ಬೆಡ್‌ಶೀಟು ತೊಯ್ದು ತೊಪ್ಪೆಯಾದವು.

"ಹತ್ತು ಇದೆ ಅಂದಿದ್ನಲ್ಲಾ ಸಾರ್!"

"ಹೌದಮ್ಮಾ, ಅಂದಿದ್ದೆ" ಎಂದು ಯಜಮಾನರು ನಕ್ಕರು.

ಹೋದ ವರ್ಷ ನಾನು ಒಮ್ಮೆ ತಪ್ಪಿದ್ದಕ್ಕೆ ಇಂದಿಗೂ "ಏನಪ್ಪಾ ಮಳೆರಾಯ" ಎಂದು ಆಡಿಕೊಳ್ಳುತ್ತಾರೆ. ಅವಳು ತಪ್ಪುವುದೇ ಇಲ್ಲ. ಹೊಟ್ಟೆ ಉರಿಯುತ್ತಿದೆ.

ಗಾಳಿ ತಿರುಗಿದ್ದು ನನಗೆ ಬೆಳಿಗ್ಗೆಯೇ ಗೊತ್ತಾಗಿತ್ತು. ಯಾರೂ ಕೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ನನ್ನ ಟವೆಲ್ಲೊಂದನ್ನು ಮಾತ್ರ ಆಗಲೇ ತಂತಿಯಿಂದ ತೆಗೆದು ಒಳಗಿಟ್ಟೆ.