ಬೀಜಕ್ಕೆ ಬಿಟ್ಟಿದ್ದ ಬದನೆಕಾಯಿ

ಅಪ್ಪಾ,

ಬೀಜಕ್ಕೆಂದು ನೀನು ಗಿಡದಲ್ಲೇ ಬಿಟ್ಟಿದ್ದ ದೊಡ್ಡ ಬದನೆಕಾಯನ್ನು ಕಿತ್ತು ಹೂತಿದ್ದೇನೆ. ಹುಡುಕಬೇಡ. ಹುಳ ಹೊಡೆದದ್ದಲ್ಲ, ತೂತೇ ಇರಲಿಲ್ಲ. ತಗ್ಗಾದ ಕಂದು ಕಲೆ, ಅದರ ಮೇಲೆ ಸುತ್ತುಸುತ್ತಾಗಿ ಕಪ್ಪು ಚುಕ್ಕಿ. ಅದು ಶಿಲೀಂಧ್ರದ ಕೊಳೆರೋಗ, ಬೀಜದೊಳಗೂ ಇಳಿಯುತ್ತದೆ. ಅಮ್ಮ ಉಳಿಸಿದ ತಳಿ ಎಂಬ ದಾಕ್ಷಿಣ್ಯ ಅದಕ್ಕಿಲ್ಲ.

ಇಂಥ ಕಾಯಿ ಇನ್ನೂ ಕಂಡರೆ ಕಿತ್ತು, ಬೇಲಿಯಾಚೆ ಆಳವಾಗಿ ಹೂತುಬಿಡು. ಗೊಬ್ಬರದ ಗುಂಡಿಗೆ ಹಾಕಿದರೆ ರೋಗವನ್ನು ನಾವೇ ಸಾಕಿದ ಹಾಗೆ. ನೀರು ಬುಡಕ್ಕೆ ಬಿಡು, ಗಿಡಗಳಿಗೆ ತಲೆಸ್ನಾನ ಮಾಡಿಸುವುದನ್ನು ಇವತ್ತಿಗೆ ನಿಲ್ಲಿಸು.

ಊಟ ಮುಚ್ಚಿಟ್ಟಿದ್ದೇನೆ. ಸಿಟ್ಟಾಗುವುದಿದ್ದರೆ ಉಂಡ ಮೇಲೆ ಆಗು.

ಅದೇ ತಳಿಯ ಬೀಜವನ್ನು ಅಮ್ಮ ಅತ್ತೆಗೂ ಕೊಟ್ಟಿದ್ದಳಂತೆ. ಅವರ ಗಿಡಗಳಿಗೆ ರೋಗವಿಲ್ಲ. ಬೀಜ ತರಲು ಅವರ ಮನೆಗೇ ಹೊರಟಿದ್ದೇನೆ. ನಿನ್ನೆ ಕೇಳಿದ್ದಕ್ಕೆ, "ನಮ್ಮಣ್ಣ ಬಾಯ್ಬಿಟ್ಟು ಕೇಳ್ಲಿ, ಮೂಟೆ ಕಟ್ಟಿ ಕೊಡ್ತೀನಿ" ಅಂದರು. ಅಮ್ಮ ತೀರಿಕೊಂಡಾಗಿನಿಂದ ನೀವಿಬ್ಬರೂ ಮಾತು ಬಿಟ್ಟಿದ್ದೀರಿ. ಯಾಕೆಂದು ಕೇಳಿದರೆ ಇಬ್ಬರೂ ಬೇರೆ ಬೇರೆ ಕಾರಣ ಹೇಳುತ್ತೀರಿ.

ಮಧ್ಯಾಹ್ನ ನಾನು ಅಲ್ಲಿರುವಾಗ ಅವರಿಗೆ ಫೋನ್ ಮಾಡು. "ಹೇಗಿದ್ದೀಯೇ?" ಅಂದರೆ ಸಾಕು. ಬೀಜದ ಮಾತು ನಾನಾಡುತ್ತೇನೆ.