ಹೊರಗಡೆಯ ಚಿಲಕ

ಮಾರ್ಚ್ ೧೪, ಗುರುವಾರ

ವಿಂಡೆಲ್ಲಾ ಬಂಗಲೆಯ ಕೆಲಸದ ಹುಡುಗಿಯರ ಕೋಣೆಗೆ ಚಿಲಕವಿದ್ದದ್ದು ಹೊರಗಡೆ. ಇಲ್ಲಿನ ಗೈಡ್ ಆಗಿ ಪ್ರವಾಸಿಗರಿಗೆ ನಾನೇ ಎಷ್ಟೋ ಸಲ ತೋರಿಸಿದ್ದೇನೆ. ಇವತ್ತು ಅದಿಲ್ಲ. ಮೊಳೆಯ ತೂತುಗಳಿಗೆ ಪುಟ್ಟಿ ತುಂಬಿದ್ದಾರೆ. ಬೆರಳಿಟ್ಟರೆ ಇನ್ನೂ ಮೆತ್ತಗಿತ್ತು.

ಶನಿವಾರ ಡಲ್ಸಿ ಆಂಟಿ ಬರುತ್ತಾರೆ. ಅವರ ತಾಯಿಯನ್ನು ಮೂಲನಿವಾಸಿಗಳನ್ನು ಇರಿಸಿದ್ದ ಪಾದ್ರಿಗಳ ಮಿಷನ್‌ನಿಂದ ಎಳೆವಯಸ್ಸಿನಲ್ಲೇ ತಂದು ದುಡಿಸಿಕೊಂಡದ್ದು ಈ ಮನೆಯಲ್ಲಿ. "ರಾತ್ರಿ ಅಮ್ಮನ್ನ ಕೂಡಿಹಾಕ್ತಿದ್ರು ಅಂದ್ರೆ ಯಾರೂ ನಂಬಲ್ಲ ಕಣೇ. ಆ ಚಿಲಕಾನ ಒಂದ್ಸಲ ಕೈಯಾರೆ ಮುಟ್ಬೇಕು," ಎಂದಿದ್ದರು.

ಬಂಗಲೆಯ ಒಡತಿ ಪ್ರೂಡೆನ್ಸ್‌ರನ್ನು ಕೇಳಿದೆ.

"ಅಲ್ಲಿ ಚಿಲಕ ಯಾವತ್ತಿತ್ತಮ್ಮ? ಆ ರಷ್ಯನ್ ಕಾದಂಬರಿ ಓದಿ ಓದಿ ನಿಂಗೆ ಎಲ್ಲಾ ಕಡೆ ಜೈಲೇ ಕಾಣುತ್ತೆ," ಎಂದು ನಕ್ಕರು.

ನಾನು ಏನು ಓದುತ್ತೇನೆಂಬುದು ನನ್ನ ಗಂಡ ಲೀತ್‌ನನ್ನು ಬಿಟ್ಟರೆ ಯಾರಿಗೂ ತಿಳಿಯದು. ಅವನು ಬಡಗಿ.

ಊಟಕ್ಕೆ ಕೂತಾಗ, ಇವತ್ತು ಎಲ್ಲಿ ಕೆಲಸವಿತ್ತು ಎಂದು ಕೇಳಿದೆ.

"ಎಲ್ಲೂ ಇಲ್ಲ. ಶೆಡ್ಡಲ್ಲೇ ಇದ್ದೆ. ಯಾಕೆ, ಪೊಲೀಸ್ ಕೆಲಸಕ್ಕೆ ಸೇರ್ಕೊಂಡ್ಯಾ?"

ಕುರಿಮಾಂಸ ಕತ್ತರಿಸುವಾಗ ಅವನ ಹೆಬ್ಬೆರಳ ಉಗುರಿನ ಸಂದಿಯಲ್ಲಿ ಬಿಳಿಯ ಪುಟ್ಟಿ ಕಂಡಿತು.

ಈಗ ಮಲಗಿದ್ದಾನೆ. ಎಂದೂ ಬೀಗ ಹಾಕದ ಶೆಡ್ಡಿಗೆ ಇವತ್ತು ಬೀಗವಿದೆ. ಕೀಲಿ ಅವನ ಕೋಟಿನ ಜೇಬಿನಲ್ಲಿದೆ, ಕೋಟು ನಾನು ಕೂತಿರುವ ಕುರ್ಚಿಯ ಮೇಲೇ ಇದೆ. ಚಿಲಕ ಅಲ್ಲಿ ಸಿಕ್ಕರೆ, ಶನಿವಾರ ಡಲ್ಸಿ ಆಂಟಿಯ ಕೈಗೆ ಅದನ್ನು ಯಾರು ಕೊಟ್ಟರೆಂದು ಇಡೀ ಊರಿಗೆ ತಿಳಿಯುತ್ತದೆ.